ವಚನಪಿತಾಮಹ ಫ. ಗು. ಹಳಕಟ್ಟಿಯವರು

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೀಮೆಗಳ ಸದ್ಭಕ್ತರ ಮನೆಗಳಲ್ಲಿ ಇಂದು ಬಸವಾದಿ ಪ್ರಮಥರ ವಚನಗಳನ್ನು ಅರಿಯದವರು ವಿರಳ. ಮಠದ ಸಾಯಂಪ್ರಾರ್ಥನೆಯಲ್ಲಿ ಮಕ್ಕಳು ಅವನ್ನು ಹಾಡುವರು. ಶಾಲೆಯ ಪಾಠಪುಸ್ತಕಗಳಲ್ಲಿ ಅವು ಅಚ್ಚಾಗಿರುವುವು. ಮದುವೆಯ ಕರೆಯೋಲೆಯ ತಲೆಯ ಮೇಲೂ ಒಂದು ವಚನವನ್ನು ಬರೆಯಿಸುವುದು ವಾಡಿಕೆಯಾಗಿದೆ. ಇದೆಲ್ಲವೂ ಬಹುಕಾಲದಿಂದ ಹೀಗೆಯೇ ನಡೆದುಬಂದುದೆಂದು ಎಳೆಯರು ತಿಳಿದರೆ ಆಶ್ಚರ್ಯವಿಲ್ಲ. ಆದರೆ ಒಂದು ನೂರು ವರ್ಷಗಳ ಹಿಂದಕ್ಕೆ ಹೋಗಿ ನೋಡಿದರೆ, ಈ ವಚನಗಳಲ್ಲಿ ಬಹುಭಾಗವು ಮಠಗಳ ಅಟ್ಟಗಳಲ್ಲಿಯೂ ಗೃಹಸ್ಥರ ಜಗಲಿಗಳಲ್ಲಿಯೂ ಓಲೆಗರಿಯ ಕಟ್ಟುಗಳಾಗಿ ಮಲಗಿದ್ದುವು. ಹಬ್ಬದ ದಿನ ಅವನ್ನು ಕೆಳಗಿಳಿಸಿ, ಧೂಳು ಕೊಡಹಿ, ವಿಭೂತಿ ಪತ್ರೆಗಳನ್ನು ಏರಿಸಿ, ಕಟ್ಟನ್ನು ಬಿಚ್ಚದೆಯೇ ಮರಳಿ ಮೇಲಿಡುವ ಮನೆಗಳೇ ಹೆಚ್ಚಾಗಿದ್ದುವು. ಪೂಜೆಯಿತ್ತು, ಓದಿರಲಿಲ್ಲ. ಆ ಕಟ್ಟುಗಳನ್ನು ಬಿಚ್ಚಿಸಿ, ಅವುಗಳಲ್ಲಿದ್ದ ಮಾತನ್ನು ಅಚ್ಚಿನ ಮೊಳೆಗೆ ಏರಿಸಿ, ಅಂಚೆಯ ಮೂಲಕ ಊರೂರಿಗೆ ಮುಟ್ಟಿಸಿದ ಪುಣ್ಯಪುರುಷರಲ್ಲಿ ಅಗ್ರಗಣ್ಯರು ಲಿಂಗೈಕ್ಯ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು.

ಹಳಕಟ್ಟಿಯವರು ೧೮೮೦ನೆಯ ಇಸವಿ ಜುಲೈ ೨ರಂದು ಧಾರವಾಡದಲ್ಲಿ ಜನಿಸಿದರು. ತಂದೆ ಗುರುಬಸಪ್ಪನವರು ಉಪಾಧ್ಯಾಯರು ಮತ್ತು ಕನ್ನಡದಲ್ಲಿ ಗ್ರಂಥರಚನೆ ಮಾಡಿದವರು. ತಾಯಿ ದಾನಾದೇವಿಯವರು. ಆ ಕಾಲದ ಉತ್ತರ ಕರ್ನಾಟಕವು ಮುಂಬಯಿ ಇಲಾಖೆಗೆ ಸೇರಿದ್ದಿತು. ಅಲ್ಲಿ ಮರಾಠಿಗಿದ್ದ ಮನ್ನಣೆ ಕನ್ನಡಕ್ಕಿರಲಿಲ್ಲ. ಕನ್ನಡದ ಉಪಾಧ್ಯಾಯನ ಮಗನಾಗಿ ಹುಟ್ಟಿದುದರಿಂದ ಈ ತಾರತಮ್ಯದ ನೋವು ಬಾಲಕನಿಗೆ ಮನೆಯಲ್ಲಿಯೇ ಪರಿಚಿತವಾಗಿದ್ದಿರಬೇಕು. ಧಾರವಾಡದ ವಿದ್ಯಾಭ್ಯಾಸವನ್ನು ಮುಗಿಸಿ ಅವರು ಮುಂಬಯಿಯ ಸೇಂಟ್ ಝೇವಿಯರ್ ಕಾಲೇಜನ್ನು ಸೇರಿದರು. ಅನಂತರ ೧೯೦೪ರಲ್ಲಿ ಕಾನೂನಿನ ಪದವಿಯನ್ನು ಪಡೆದರು.

ಮುಂಬಯಿಯಲ್ಲಿ ಕಳೆದ ವರ್ಷಗಳು ಅವರಿಗೆ ಕಾನೂನಿಗಿಂತಲೂ ದೊಡ್ಡದೊಂದು ಪಾಠವನ್ನು ಕಲಿಸಿದುವು. ಆ ಪಟ್ಟಣದಲ್ಲಿ ಮಹಾರಾಷ್ಟ್ರೀಯರಿಗೂ ಗುಜರಾತಿಗಳಿಗೂ ತಮ್ಮ ತಮ್ಮ ನುಡಿಯ ವೃತ್ತಪತ್ರಗಳಿದ್ದುವು, ಗ್ರಂಥಮಾಲೆಗಳಿದ್ದುವು. ಸಂತ ತುಕಾರಾಮನ ಅಭಂಗಗಳು ಅಚ್ಚಾಗಿ ಓದುಬಲ್ಲವರ ಕೈಯಲ್ಲಿದ್ದುವು. ಒಂದು ಜನಾಂಗವು ತನ್ನ ಹಿರಿಯರ ಮಾತನ್ನು ಅಚ್ಚಿನಲ್ಲಿ ಕಂಡಾಗ ಅದರ ನಡೆಯಲ್ಲಿ ಎಂತಹ ಧೈರ್ಯವು ಮೂಡುವುದೆಂಬುದನ್ನು ತರುಣ ಹಳಕಟ್ಟಿಯವರು ಅಲ್ಲಿ ಕಣ್ಣಾರೆ ಕಂಡರು. ಕನ್ನಡಿಗರಿಗೆ, ಅದರಲ್ಲಿಯೂ ಲಿಂಗಾಯತರಿಗೆ, ಇಂತಹ ಹಿರಿಯರ ಮಾತಿರಲಿಲ್ಲವೆ? ಇದ್ದಿತು. ವಕೀಲಿಯನ್ನು ಓದುತ್ತಿದ್ದ ಕಾಲದಲ್ಲಿಯೇ ಬಂಧುಗಳ ಹಾಗೂ ಪರಿಚಿತರ ಮನೆಗಳಲ್ಲಿ ವಚನಗಳ ತಾಳೆಗರಿಗಳು ಅವರ ಕಣ್ಣಿಗೆ ಬಿದ್ದಿದ್ದುವು. ಒಮ್ಮೆ ಓದಲು ತೊಡಗಿದ ಮೇಲೆ ಅವರ ಮನಸ್ಸು ಆ ಗರಿಗಳನ್ನು ಬಿಟ್ಟು ಅತ್ತಿತ್ತ ಹೋಗಲಿಲ್ಲ.

ಅವರಿಗಿಂತ ಮೊದಲೂ ಕೆಲವು ವಚನಗ್ರಂಥಗಳು ಅಚ್ಚಾಗಿದ್ದುವು, ಅದನ್ನು ಮರೆಯಲಾಗದು. ಆದರೆ ಅವನ್ನು ತತ್ತ್ವಶಾಸ್ತ್ರದ ಗ್ರಂಥಗಳೆಂದು ಕೆಲವರೇ ಪಂಡಿತರು ಓದುತ್ತಿದ್ದರು. ಹಳಕಟ್ಟಿಯವರ ದೃಷ್ಟಿಗೆ ಬಿದ್ದುದು ಬೇರೊಂದು ಸಂಗತಿ. ವಚನವು ಶಾಸ್ತ್ರವೂ ಹೌದು. ಆದರೆ ಅದು ಮೊದಲು ಒಬ್ಬ ಮನುಷ್ಯನು ತನ್ನ ಬಾಳನ್ನು ತಾನೇ ನಿಂತು ಹೇಳಿಕೊಂಡ ಮಾತು. ಅಂಬಿಗರ ಚೌಡಯ್ಯನು ತನ್ನ ದೋಣಿಯಿಂದ ಮಾತನಾಡುವನು. ನುಲಿಯ ಚಂದಯ್ಯನ ಮಾತಿನಲ್ಲಿ ಹುಲ್ಲು ಹಗ್ಗಗಳಿವೆ. ಬಸವಣ್ಣನವರು ಮಂತ್ರಿಪದವಿಯಲ್ಲಿದ್ದೂ ತಾವು ಮಾದಾರ ಚೆನ್ನಯ್ಯನ, ಡೋಹರ ಕಕ್ಕಯ್ಯನ ಬಳಗದವರೆಂದು ಹೇಳಿಕೊಂಡರು. ಆಯ್ದಕ್ಕಿ ಮಾರಯ್ಯನು ಒಂದು ದಿನ ಬೇಕಾದುದಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಹೆಚ್ಚಿನದನ್ನು ಆಯ್ದ ಸ್ಥಳದಲ್ಲಿಯೇ ಸುರಿದು ಬಾರೆಂದು ಹಿಂದಕ್ಕೆ ಕಳುಹಿದ ಲಕ್ಕಮ್ಮನ ಕಥೆಯನ್ನು ಬಡವರ ಮನೆಯಲ್ಲಿ ಹೇಳಿ ನೋಡಬೇಕು, ವ್ಯಾಖ್ಯಾನವೇ ಬೇಡ. ಸೂಳೆ ಸಂಕವ್ವೆಯೆಂಬ ಶರಣೆಯದು ನಮಗೆ ದೊರೆತಿರುವುದು ಒಂದೇ ಒಂದು ವಚನ. ತನ್ನ ಹಿಂದಿನ ವೃತ್ತಿಯನ್ನೇ ಮುಂದಿಟ್ಟುಕೊಂಡು ತನ್ನ ನಿಷ್ಠೆಯನ್ನು ಆಕೆಯು ಅದರಲ್ಲಿ ಹೇಳಿಕೊಂಡಿದ್ದಾಳೆ. ಆ ಒಂದು ಗರಿಯನ್ನು ಗೆದ್ದಲು ತಿಂದಿದ್ದರೆ ಆಕೆಯು ಈ ಲೋಕದಲ್ಲಿ ಇದ್ದಳೆಂಬುದಕ್ಕೇ ಸಾಕ್ಷಿಯಿರುತ್ತಿರಲಿಲ್ಲ.

ಕೀಳೆಂದು ತಳ್ಳಲ್ಪಟ್ಟವರು ತಮ್ಮ ಕಥೆಯನ್ನು ತಮ್ಮ ಬಾಯಿಂದಲೇ ಹೇಳಿದ ಇಂತಹ ಭಂಡಾರವು ಕೈಯಲ್ಲಿರುವಾಗ, ಅದನ್ನು ಪ್ರಕಟಿಸುವುದೇ ಸಮಾಜವನ್ನು ತಿದ್ದುವ ಕೆಲಸವೆಂದು ಹಳಕಟ್ಟಿಯವರು ನಿಶ್ಚಯಿಸಿದರು.

ವೃತ್ತಿಗಾಗಿ ಅವರು ಮೊದಲು ಬೆಳಗಾವಿಯಲ್ಲಿಯೂ ಅನಂತರ ವಿಜಾಪುರದಲ್ಲಿಯೂ ನೆಲಸಿದರು. ಈಗ ವಿಜಯಪುರವೆಂದು ಕರೆಯಲ್ಪಡುವ ಆ ಊರಿನ ಸೀಮೆಯು ಮಳೆ ಕಡಿಮೆಯಾದ ಬಯಲು. ಪಾವಗಡದ ಬಿಸಿಲನ್ನೂ ಶಿರಾದ ಒಣಕೆರೆಗಳನ್ನೂ ಬಲ್ಲವರಿಗೆ ಅಲ್ಲಿಯ ಬಡತನವನ್ನು ವಿವರಿಸಬೇಕಾಗಿಲ್ಲ. ಅಲ್ಲಿ ಅವರು ವಕೀಲಿಯನ್ನು ಮಾಡುತ್ತ ಸಾರ್ವಜನಿಕ ಕಾರ್ಯಗಳಿಗೂ ಕೈಯಿಕ್ಕಿದರು. ೧೯೧೦ರಲ್ಲಿ ಲಿಂಗಾಯತ ವಿದ್ಯಾವರ್ಧಕ ಸಂಸ್ಥೆಯೂ ೧೯೧೨ರಲ್ಲಿ ಶ್ರೀ ಸಿದ್ಧೇಶ್ವರ ಸಹಕಾರಿ ಬ್ಯಾಂಕೂ ಅವರ ಪ್ರಯತ್ನದಿಂದ ವಿಜಾಪುರದಲ್ಲಿ ತಲೆಯೆತ್ತಿದುವು. ಮುಂಬಯಿಯ ಶಾಸನಸಭೆಯಲ್ಲಿಯೂ ಅವರು ಕೆಲಕಾಲ ಸದಸ್ಯರಾಗಿದ್ದರು. ಬೇರೊಬ್ಬರ ಚರಿತ್ರೆಯಲ್ಲಾದರೆ ಇವೇ ಮುಖ್ಯಾಂಶಗಳಾಗುತ್ತಿದ್ದುವು. ಇವರ ಜೀವಿತದಲ್ಲಿ ಇವು ಬದಿಯ ಕೆಲಸಗಳು.

ಮುಖ್ಯವಾದುದು ಓಲೆಗರಿಗಳ ಬೇಟೆ. ಕಚೇರಿಗೆ ರಜವಿದ್ದಾಗಲೆಲ್ಲ ಅವರು ಹಳ್ಳಿಗಳಿಗೆ ಹೋಗುವರು. ಮಠದ ಅಯ್ಯನವರನ್ನು, ಮನೆಯ ಯಜಮಾನರನ್ನು ಕಂಡು ಕಟ್ಟುಗಳನ್ನು ಬೇಡುವರು. ಕೆಲವರು ಸಂತೋಷದಿಂದ ಕೊಟ್ಟರು. ಕೆಲವರು ಇಲ್ಲಿಯೇ ಕುಳಿತು ನೋಡಬಹುದೆಂದರು. ಪೂಜೆಯ ವಸ್ತುವು ಅಚ್ಚಿನ ಕೊಟ್ಟಿಗೆಗೆ ಹೋಗಿ ಕಂಡಕಂಡವರ ಕೈಗೆ ಬೀಳುವುದು ಪಾಪವೆಂದು ಬಾಗಿಲು ಮುಚ್ಚಿದವರೂ ಉಂಟು. ಮಠದ ಸ್ಮರಣಸಂಪುಟದಲ್ಲಿ ಈ ಮಾತನ್ನು ಮರೆಮಾಚುವುದು ತರವಲ್ಲ. ಆದರೆ ಇನ್ನೊಂದು ಮಾತನ್ನೂ ಒಡನೆಯೇ ಹೇಳಬೇಕು. ಬರಗಾಲದಲ್ಲಿಯೂ ದಂಡಿನ ಕೋಟಲೆಯಲ್ಲಿಯೂ ಆ ಕಟ್ಟುಗಳನ್ನು ಒಲೆಗೆ ಹಾಕದೆ ಕಾಯ್ದವರು ಇದೇ ಮಠದವರು, ಇದೇ ಮನೆಯವರು. ಅವರು ಕಾಯದಿದ್ದರೆ ಹಳಕಟ್ಟಿಯವರಿಗೆ ಬಿಚ್ಚಲು ಕಟ್ಟೇ ಇರುತ್ತಿರಲಿಲ್ಲ.

ದೊರೆತ ಗರಿಗಳಲ್ಲಿಯಾದರೂ ತೊಂದರೆ ಕಡಿಮೆಯೆ? ಒಂದು ಕಟ್ಟಿನಲ್ಲಿ ಒಬ್ಬರ ಅಂಕಿತದಲ್ಲಿದ್ದ ವಚನವು ಇನ್ನೊಂದರಲ್ಲಿ ಮತ್ತೊಬ್ಬರ ಹೆಸರಿನಲ್ಲಿ ಬರುವುದು. ಅಕ್ಷರಗಳು ಸವೆದಿರುವುವು, ಪಂಕ್ತಿಗಳ ನಡುವೆ ಬಿಡುವಿಲ್ಲ. ಹಗಲು ನ್ಯಾಯಾಲಯದ ಕಾಗದಗಳನ್ನು ನೋಡಿದ ಕಣ್ಣುಗಳೇ ರಾತ್ರಿ ದೀಪದ ಬೆಳಕಿನಲ್ಲಿ ಗರಿಗಳನ್ನು ನೋಡಬೇಕಾಯಿತು. ಪ್ರತಿ ಮಾಡಿ, ಹೋಲಿಸಿ, ವಿಷಯಕ್ಕನುಸಾರವಾಗಿ ವಿಂಗಡಿಸಿ, ಸುಮಾರು ಇಪ್ಪತ್ತು ವರ್ಷಗಳ ಶ್ರಮದ ಫಲವಾಗಿ ಸಿದ್ಧಗೊಂಡ ಗ್ರಂಥವೇ ವಚನಶಾಸ್ತ್ರಸಾರದ ಮೊದಲನೆಯ ಭಾಗ. ಮೊದಲು ಬೆರಳೆಣಿಕೆಯಷ್ಟು ವಚನಕಾರರ ಹೆಸರುಗಳನ್ನು ಮಾತ್ರ ಬಲ್ಲವರಾಗಿದ್ದ ಕನ್ನಡಿಗರಿಗೆ ಮುಂದೆ ಅವರ ಪ್ರಯತ್ನದಿಂದ ಇನ್ನೂರಕ್ಕೂ ಮೀರಿದ ಶರಣರ ಪರಿಚಯವಾಯಿತು.

ಗ್ರಂಥವು ಸಿದ್ಧವಾಯಿತು, ಅಚ್ಚು ಹಾಕುವವರಾರು? ಆಗ ಕನ್ನಡದ ಅಂದವಾದ ಅಚ್ಚಿಗೆ ಹೆಸರಾದುದು ಮಂಗಳೂರಿನ ಬಾಸೆಲ್ ಮಿಶನ್ನಿನ ಮುದ್ರಣಾಲಯ. ೧೯೨೨ರಲ್ಲಿ ಹಳಕಟ್ಟಿಯವರು ಹಸ್ತಪ್ರತಿಯನ್ನು ಅಲ್ಲಿಗೆ ಕಳುಹಿದರು. ಅದು ಅಚ್ಚಾಗದೆ ಹಿಂದಿರುಗಿತು. ಏಕದೇವೋಪಾಸನೆಯನ್ನೂ ದೀನರ ಸಮಾನತೆಯನ್ನೂ ಇಷ್ಟು ತಿಳಿಯಾದ ಕನ್ನಡದಲ್ಲಿ ಹೇಳುವ ಪುಸ್ತಕವು ಹೊರಟರೆ ತಮ್ಮ ಮತಪ್ರಚಾರಕ್ಕೆ ಎಡೆಯಿರದೆಂದು ಮುದ್ರಣಾಲಯದವರು ಬಗೆದರೆಂದು ಭಕ್ತಜನರಲ್ಲಿ ಪ್ರತೀತಿಯುಂಟು. ಕಾರಣವೇನೇ ಇರಲಿ, ಹಿಂದಿರುಗಿದ ಕಟ್ಟನ್ನು ನೋಡಿ ಹಳಕಟ್ಟಿಯವರು ಕೈಚೆಲ್ಲಲಿಲ್ಲ. ಮರುವರ್ಷವೇ, ಎಂದರೆ ೧೯೨೩ರಲ್ಲಿ, ಬೆಳಗಾವಿಯ ಮಹಾವೀರ ಮುದ್ರಣಾಲಯದಲ್ಲಿ ಆ ಗ್ರಂಥವು ಅಚ್ಚಾಗಿ ಹೊರಬಂದಿತು. ಶರಣರ ಗ್ರಂಥಕ್ಕೆ ಆಶ್ರಯವಿತ್ತ ಆ ಮುದ್ರಣಾಲಯವು ಜೈನ ತೀರ್ಥಂಕರನ ಹೆಸರನ್ನು ಹೊತ್ತಿದ್ದಿತೆಂಬುದು ನೆನೆಯತಕ್ಕ ಸಂಗತಿ.

ಆದರೆ ಈ ಪ್ರಸಂಗದಿಂದ ಅವರಿಗೆ ಒಂದು ಮಾತು ಸ್ಪಷ್ಟವಾಯಿತು. ಪರರ ಅಚ್ಚಿನಮನೆಯ ಬಾಗಿಲಲ್ಲಿ ಕಾಯುವವರೆಗೆ ಶರಣರ ಮಾತು ಸ್ವತಂತ್ರವಾಗದು. ಸ್ವಂತ ಮುದ್ರಣಾಲಯ ಬೇಕು. ಅದಕ್ಕೆ ಹಣ ಬೇಕು. ಅವರು ತಮ್ಮ ಮನೆಯನ್ನು ಮಾರಿದರು. ೧೯೨೫ರಲ್ಲಿ ವಿಜಾಪುರದಲ್ಲಿ ಹಿತಚಿಂತಕ ಮುದ್ರಣಾಲಯವು ಪ್ರಾರಂಭವಾಯಿತು. ಮನೆಯ ಯಜಮಾನರು ಬಾಡಿಗೆಯ ಮನೆಗೆ ಹೋದರು. ಪತ್ನಿ ಭಾಗೀರಥೀಬಾಯಿಯವರ ಹೆಸರು ಇಂತಹ ಚರಿತ್ರೆಗಳಲ್ಲಿ ಒಂದೆರಡು ಪಂಕ್ತಿಗಳಲ್ಲಿ ಮುಗಿದುಹೋಗುವುದು. ಸ್ವಂತ ಸೂರನ್ನು ಬಿಟ್ಟು ಮಕ್ಕಳೊಡನೆ ಬಾಡಿಗೆಯ ಮನೆಯಲ್ಲಿ ಸಂಸಾರವನ್ನು ತೂಗಿಸಿದ ಆ ತಾಯಿಯ ಪಾಲು ಈ ಕಾರ್ಯದಲ್ಲಿ ಸಣ್ಣದಲ್ಲ.

೧೯೨೬ರಲ್ಲಿ ಶಿವಾನುಭವ ಪತ್ರಿಕೆಯು ಹೊರಟಿತು. ಮೊದಲು ತ್ರೈಮಾಸಿಕವಾಗಿದ್ದ ಅದು ಮುಂದೆ ಮಾಸಪತ್ರಿಕೆಯಾಯಿತು. ಹಳಕಟ್ಟಿಯವರ ಪ್ರಚಾರಬುದ್ಧಿಯ ಸೂಕ್ಷ್ಮವನ್ನು ಇಲ್ಲಿ ಕಾಣಬೇಕು. ದಪ್ಪ ಗ್ರಂಥವನ್ನು ಕೊಳ್ಳುವವರು ಕೆಲವರು. ಕೊಂಡರೂ ಅದು ಓಲೆಗರಿಯಂತೆಯೇ ಜಗಲಿಯನ್ನು ಸೇರುವ ಭಯವುಂಟು. ಪತ್ರಿಕೆಯ ರೀತಿ ಬೇರೆ. ಅದು ನಿಯತಕಾಲದಲ್ಲಿ ಮನೆಯ ಬಾಗಿಲಿಗೆ ಬರುವುದು. ಒಬ್ಬನು ಓದುವನು, ಹತ್ತು ಜನರು ಕೇಳುವರು. ಓದಿದವನು ಮುಂದಿನ ಸಂಚಿಕೆಗೆ ಕಾದಿರುವನು. ಅದರಲ್ಲಿ ಅವರು ವಚನಗಳನ್ನು ಮಾತ್ರ ಅಚ್ಚು ಹಾಕಿ ಸುಮ್ಮನಾಗಲಿಲ್ಲ. ಆ ವಚನವನ್ನು ನುಡಿದವನಾರು, ಯಾವ ಊರಿನವನು, ಯಾವ ಕಾಯಕದವನು, ಕಲ್ಯಾಣಕ್ಕೆ ಏಕೆ ಬಂದನು, ಅಲ್ಲಿ ಏನನ್ನು ಅನುಭವಿಸಿದನು ಎಂಬುದನ್ನು ಹುಡುಕಿ ಬರೆದರು. ಶಿವಶರಣರ ಹಾಗೂ ಶಿವಶರಣೆಯರ ಚರಿತ್ರೆಗಳನ್ನು ಪುಸ್ತಕಗಳಾಗಿಯೂ ಹೊರಡಿಸಿದರು. ತತ್ತ್ವವನ್ನು ಕೇಳಿ ತಲೆದೂಗಿ ಮರೆಯುವವನು ಹರಳಯ್ಯ ಮಧುವರಸರ ಮಕ್ಕಳ ಲಗ್ನದ ಕಥೆಯನ್ನೂ, ಅದಕ್ಕಾಗಿ ಆ ಹಿರಿಯರು ತೆತ್ತ ಪ್ರಾಣವನ್ನೂ ಕೇಳಿದ ಮೇಲೆ ಮರೆಯಲಾರನು. ತನ್ನ ಊರಿನ ಕೇರಿಯನ್ನು ಹಾದುಹೋಗುವಾಗ ಆ ಕಥೆಯು ಅವನ ಕಣ್ಣೆದುರು ನಿಲ್ಲುವುದು.

ಮರುವರ್ಷ, ೧೯೨೭ರಲ್ಲಿ, ನವಕರ್ನಾಟಕವೆಂಬ ವಾರಪತ್ರಿಕೆಯನ್ನೂ ಅವರು ಹೊರಡಿಸಿದರು. ಇದು ಲೋಕವ್ಯವಹಾರದ ಪತ್ರಿಕೆ. ಹರಿದು ಹಂಚಿಹೋಗಿದ್ದ ಕನ್ನಡನಾಡುಗಳು ಒಂದಾಗಬೇಕೆಂಬುದು ಅವರ ಆಸೆ. ಶಿವಾನುಭವದಲ್ಲಿ ಹನ್ನೆರಡನೆಯ ಶತಮಾನವಾದರೆ ನವಕರ್ನಾಟಕದಲ್ಲಿ ಇಪ್ಪತ್ತನೆಯದು. ಒಂದೇ ಅಚ್ಚಿನಮನೆಯಿಂದ ಎರಡೂ ಹೊರಡುತ್ತಿದ್ದುವು.

ಪ್ರಚಾರವೆಂಬ ಮಾತು ಬಂದುದರಿಂದ, ಈ ಕಾಲದಲ್ಲಿಯೇ ದಕ್ಷಿಣದ ದಿಕ್ಕಿನಲ್ಲಿ ನಡೆದ ಇನ್ನೊಂದು ಕಾರ್ಯವನ್ನೂ ಸ್ಮರಿಸಬೇಕು. ಶಿರಾದ ಮೂಲಕ ಹಾದುಹೋಗುವ ಪುಣೆಯ ಹೆದ್ದಾರಿಯನ್ನು ಹಿಡಿದು ಚಿತ್ರದುರ್ಗವನ್ನು ದಾಟಿದರೆ ದಾವಣಗೆರೆ. ಅಲ್ಲಿಗೆ ಬನವಾಸಿಯಲ್ಲಿ ಹುಟ್ಟಿದ ಹರ್ಡೇಕರ ಮಂಜಪ್ಪನವರು ಶಿರಸಿಯ ಉಪಾಧ್ಯಾಯವೃತ್ತಿಯನ್ನು ತೊರೆದು ಬಂದು ೧೯೦೬ರಲ್ಲಿ ಧನುರ್ಧಾರಿಯೆಂಬ ವಾರಪತ್ರಿಕೆಯನ್ನು ಹೊರಡಿಸಿದರು. ೧೯೧೩ರಲ್ಲಿ ವಿರಕ್ತಮಠದ ಮೃತ್ಯುಂಜಯಸ್ವಾಮಿಗಳವರೊಡಗೂಡಿ ಬಸವಜಯಂತಿಯನ್ನು ಸಾರ್ವಜನಿಕ ಉತ್ಸವವಾಗಿ ಆಚರಿಸುವುದಕ್ಕೆ ಮೊದಲು ಮಾಡಿದವರೂ ಅವರೇ. ತಿಲಕರು ಮಹಾರಾಷ್ಟ್ರದಲ್ಲಿ ಗಣೇಶೋತ್ಸವವನ್ನು ಬೀದಿಗೆ ತಂದಂತೆ, ಮನೆಯ ಮತ್ತು ಮಠದ ಒಳಗಿದ್ದ ಬಸವಭಕ್ತಿಯನ್ನು ಅವರು ಊರಿನ ನಡುವೆ ನಿಲ್ಲಿಸಿದರು. ತಮ್ಮ ಮೂವತ್ತು ವರ್ಷಗಳ ಸೇವೆಯ ಕಥೆಯನ್ನು ತಾವೇ ಪುಸ್ತಕವಾಗಿ ಬರೆದು, ತಮ್ಮ ಬಾಳನ್ನೂ ಪ್ರಚಾರದ ಸಾಧನವನ್ನಾಗಿ ಮಾಡಿಕೊಂಡರು. ಮಂಜಪ್ಪನವರು ೧೯೪೭ರ ಜನವರಿಯಲ್ಲಿ, ಸ್ವಾತಂತ್ರ್ಯೋದಯಕ್ಕೆ ಕೆಲವೇ ತಿಂಗಳುಗಳ ಮೊದಲು, ಲಿಂಗೈಕ್ಯರಾದರು. ದಾವಣಗೆರೆಯ ಉತ್ಸವಕ್ಕೆ ವಿಜಾಪುರದ ಅಚ್ಚು ಜೊತೆಯಾಯಿತು: ಉತ್ಸವದಲ್ಲಿ ನೆರೆದ ಜನಕ್ಕೆ ಬಸವಣ್ಣನವರ ಹೆಸರು ಕೇಳಿಸಿತು, ಅಚ್ಚಿನ ಪುಸ್ತಕದಲ್ಲಿ ಅವರ ಮಾತು ದೊರೆಯಿತು. ಎರಡರಲ್ಲಿ ಒಂದೇ ಇದ್ದಿದ್ದರೆ ಇಂದಿನ ಬಸವಜಯಂತಿಯು ಬರಿಯ ಮೆರವಣಿಗೆಯಾಗಿ ಉಳಿಯುತ್ತಿದ್ದಿತು.

ಪತ್ರಿಕೆಗಳಿಂದ ಹಳಕಟ್ಟಿಯವರಿಗೆ ಆದುದು ಲಾಭವಲ್ಲ, ಸಾಲ. ಚಂದಾದಾರರು ಕಡಿಮೆ, ಇದ್ದವರಲ್ಲಿಯೂ ಚಂದಾ ಸಲ್ಲಿಸುವವರು ಇನ್ನೂ ಕಡಿಮೆ. ವಕೀಲಿಯ ಸಂಪಾದನೆಯು ಅಚ್ಚಿನ ಕಾಗದಕ್ಕೆ ಹೋಗುತ್ತಿದ್ದಿತು; ಕ್ರಮೇಣ ವಕೀಲಿಯೇ ಹಿಂದೆ ಬಿದ್ದಿತು. ಮಾಸಿದ ಕೋಟು, ಹಳೆಯ ಸೈಕಲ್ಲು, ಇವುಗಳಿಂದ ವಿಜಾಪುರದ ಬೀದಿಗಳಲ್ಲಿ ಅವರನ್ನು ಗುರುತಿಸುತ್ತಿದ್ದರು. ಇಷ್ಟಾದರೂ ಮೂರು ದಶಕಗಳಿಗೂ ಮೀರಿ ಶಿವಾನುಭವವು ನಡೆಯಿತು. ವಚನಶಾಸ್ತ್ರಸಾರದ ಮುಂದಿನ ಭಾಗಗಳೂ, ಶೂನ್ಯಸಂಪಾದನೆಯೂ, ಹರಿಹರನ ರಗಳೆಗಳೂ ಒಂದರ ಹಿಂದೊಂದು ಬೆಳಕು ಕಂಡುವು. ಕೆಲವು ಪ್ರಕಟಣೆಗಳಲ್ಲಿ ಪಾಠದೋಷಗಳಿರುವುವೆಂದೂ ಸಂಪಾದನೆಯಲ್ಲಿ ಅವಸರವಾಯಿತೆಂದೂ ಮುಂದಿನ ವಿದ್ವಾಂಸರು ಹೇಳಿದುದುಂಟು. ಅದು ಸುಳ್ಳಲ್ಲ. ಆದರೆ ಗರಿಗಳು ಪುಡಿಯಾಗುತ್ತಿದ್ದುವು. ಒಬ್ಬರೇ ಮನುಷ್ಯರು, ಒಂದೇ ಆಯುಸ್ಸು. ತಪ್ಪಿಲ್ಲದ ಮುದ್ರಣಕ್ಕಾಗಿ ಕಾಯ್ದಿದ್ದರೆ ತಿದ್ದಲು ಏನೂ ಉಳಿಯುತ್ತಿರಲಿಲ್ಲ.

ಶೂನ್ಯಸಂಪಾದನೆಯ ಮಾತಿನಲ್ಲಿ ಈ ಪ್ರಾಂತದ ಭಕ್ತರಿಗೆ ವಿಶೇಷವಾದ ಸಂಬಂಧವಿದೆ. ಅಲ್ಲಮಪ್ರಭುವಿನೊಡನೆ ಶರಣರು ನಡೆಸಿದ ಸಂವಾದಗಳನ್ನು ವಚನಗಳಿಂದಲೇ ಹೆಣೆದ ಆ ಮಹಾಗ್ರಂಥವನ್ನು ನಾಲ್ವರು ಒಬ್ಬರ ಬಳಿಕ ಒಬ್ಬರು ಸಂಕಲಿಸಿದರು. ಅವರಲ್ಲಿ ಕೊನೆಯವರಾದ ಸಿದ್ಧವೀರಣ್ಣೊಡೆಯರು ತುಮಕೂರಿಗೆ ಸಮೀಪದ ಗೂಳೂರಿನವರು. ಎಡೆಯೂರಿನಲ್ಲಿ ಐಕ್ಯರಾದ ತೋಂಟದ ಸಿದ್ಧಲಿಂಗಯತಿಗಳ ಶಿಷ್ಯಪರಂಪರೆಯು ಈ ಸೀಮೆಯಲ್ಲಿ ವಚನಗಳನ್ನು ಒಟ್ಟುಗೂಡಿಸುವ ಕೆಲಸವನ್ನು ಎಷ್ಟೋ ಮೊದಲೇ ಕೈಗೊಂಡಿದ್ದಿತು. ಇನ್ನು ಪಾವಗಡ ಮಧುಗಿರಿಗಳ ಗಡಿಯ ಹಳ್ಳಿಗಳಲ್ಲಿ ತೆಲುಗೂ ಮನೆಮಾತು. ಬಸವಪುರಾಣವನ್ನು ಮೊದಲು ತೆಲುಗಿನಲ್ಲಿ ರಚಿಸಿದವನು ಪಾಲ್ಕುರಿಕೆ ಸೋಮನಾಥ. ಅದನ್ನು ಭೀಮಕವಿಯು ೧೩೬೯ರಲ್ಲಿ ಕನ್ನಡಕ್ಕೆ ತಂದನು. ಶರಣರ ಕಥೆಗಳು ಈ ಎರಡು ನುಡಿಗಳ ನಡುವೆ ಹಿಂದಿನಿಂದಲೂ ಓಡಾಡಿಕೊಂಡಿದ್ದುವು. ಹಳಕಟ್ಟಿಯವರು ಮಾಡಿದುದು ಹೊಸದೇನನ್ನೂ ಅಲ್ಲ, ಆ ಹಳೆಯ ಕೆಲಸವನ್ನೇ ಮೊಳೆಯಚ್ಚಿನ ಕಾಲಕ್ಕೆ ಮುಂದುವರಿಸಿದುದೆಂದರೆ ಅವರ ಹಿರಿಮೆಗೆ ಕುಂದಿಲ್ಲ.

ಅವರ ಕಾರ್ಯದಿಂದ ಸಮಾಜದಲ್ಲಿ ಆದ ಬದಲಾವಣೆಯು ಒಮ್ಮೆಗೇ ಆದುದಲ್ಲ. ಅದಕ್ಕೆ ಮೊದಲು ತಮ್ಮ ಹಿರಿಮೆಯನ್ನು ತೋರಿಸಬೇಕಾದರೆ ಸಂಸ್ಕೃತದ ಆಧಾರವನ್ನು ಹುಡುಕಬೇಕೆಂದೂ, ಮೇಲಿನ ವರ್ಣದವರೆಂದು ಸಾಧಿಸಬೇಕೆಂದೂ ಸಮಾಜದ ಮುಂದಾಳುಗಳಲ್ಲಿ ಅನೇಕರು ಶ್ರಮಿಸುತ್ತಿದ್ದರು. ವಚನಗಳು ಅಚ್ಚಾಗಿ ಕೈಗೆ ಬಂದ ಮೇಲೆ ಆ ಶ್ರಮವು ಸಪ್ಪೆಯೆನಿಸತೊಡಗಿತು. ಕಮ್ಮಾರನೂ ಮಡಿವಾಳನೂ ಬುಟ್ಟಿ ಹೆಣೆಯುವವನೂ ಕುಳಿತ ಅನುಭವಮಂಟಪವೇ ಹಿರಿಮೆಯೆಂದು ಹೇಳಿಕೊಳ್ಳಲು ನಾಚಿಕೆ ಪಡಬೇಕಾಗಿರಲಿಲ್ಲ. ಹೆಣ್ಣುಮಕ್ಕಳಿಗೆ ಓದು ಏತಕ್ಕೆಂದು ಕೇಳುವವನಿಗೆ ಅಕ್ಕಮಹಾದೇವಿಯನ್ನೂ ಲಕ್ಕಮ್ಮನನ್ನೂ ಮುಂದಿಟ್ಟು ಉತ್ತರಿಸಲು ಬಂದಿತು. ಮಠಗಳಲ್ಲಿ ಉಚಿತ ಪ್ರಸಾದನಿಲಯಗಳು ಎಲ್ಲ ಜಾತಿಯ ಮಕ್ಕಳಿಗೆ ಬಾಗಿಲು ತೆರೆದಾಗ ಅದಕ್ಕೆ ಬಸವಣ್ಣನವರ ಮಾತೇ ಆಧಾರವಾಯಿತು. ಹಾಗೆಂದು ಅಸ್ಪೃಶ್ಯತೆಯು ನಮ್ಮ ಊರುಗಳಿಂದ ಅಳಿದುಹೋಯಿತೆಂದು ಹೇಳುವುದು ಆತ್ಮವಂಚನೆ. ಜಯಂತಿಯ ದಿನ ಹರಳಯ್ಯನನ್ನು ಹೊಗಳಿ, ಮರುದಿನ ಕೇರಿಯವನಿಗೆ ನೀರನ್ನು ಎತ್ತರದಿಂದ ಹೊಯ್ಯುವುದನ್ನು ಕಂಡವರು ಇನ್ನೂ ಬದುಕಿದ್ದಾರೆ. ಆದರೆ ಹೊಯ್ಯುವವನ ಮನೆಯಲ್ಲಿಯೂ ವಚನದ ಪುಸ್ತಕವಿದೆ. ಅವನ ಮಕ್ಕಳು ಅದನ್ನು ಓದುವರು. ಓದಿ ಅಪ್ಪನನ್ನು ಪ್ರಶ್ನಿಸುವರು.

ಗೌರವಗಳು ಅವರನ್ನು ಹುಡುಕಿಕೊಂಡು ಬಂದುವು. ೧೯೨೬ರಲ್ಲಿ ಬಳ್ಳಾರಿಯಲ್ಲಿ ನೆರೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದರು. ೧೯೫೬ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯವು ಡಿ. ಲಿಟ್. ಪದವಿಯನ್ನು ಅರ್ಪಿಸಿತು. ಅದೇ ವರ್ಷ ನವೆಂಬರಿನಲ್ಲಿ ಕನ್ನಡನಾಡು ಒಂದಾದುದನ್ನೂ ಅವರು ಕಣ್ಣಾರೆ ಕಂಡರು. ಆಚಾರ್ಯ ಬಿ. ಎಂ. ಶ್ರೀಕಂಠಯ್ಯನವರು ವಿಜಾಪುರಕ್ಕೆ ಬಂದಾಗ, ಗೋಳಗುಮ್ಮಟಕ್ಕಿಂತ ಮೊದಲು ವಚನಗುಮ್ಮಟವನ್ನು ನೋಡಬೇಕೆಂದು ಹಳಕಟ್ಟಿಯವರ ಮನೆಗೆ ನಡೆದರೆಂದು ಅಲ್ಲಿಯ ಜನರು ಇಂದಿಗೂ ಹೇಳುವರು. ಬಿರುದುಗಳಿಂದ ಅವರ ಮನೆಯ ಬಡತನವೇನೂ ನೀಗಲಿಲ್ಲ. ಅವರು ಅದನ್ನು ದೊಡ್ಡದು ಮಾಡಲೂ ಇಲ್ಲ.

೧೯೬೪ನೆಯ ಇಸವಿ ಜೂನ್ ೨೯ರಂದು, ಎಂಬತ್ತನಾಲ್ಕು ವರ್ಷಗಳು ತುಂಬಲು ಇನ್ನು ಮೂರು ದಿನಗಳಿರುವಾಗ, ಹಳಕಟ್ಟಿಯವರು ವಿಜಾಪುರದಲ್ಲಿ ಲಿಂಗೈಕ್ಯರಾದರು. ಅವರ ಜನ್ಮದಿನವನ್ನು ಈಗ ನಾಡಿನಲ್ಲಿ ವಚನಸಾಹಿತ್ಯವನ್ನು ಸ್ಮರಿಸುವ ದಿನವಾಗಿ ಆಚರಿಸುವರು. ಅವರ ತರುವಾಯ ಅನೇಕ ವಿದ್ವಾಂಸರು ಗರಿಗಳನ್ನು ಮರಳಿ ಶೋಧಿಸಿದರು. ೧೯೯೩ರಲ್ಲಿ ಕರ್ನಾಟಕ ಸರಕಾರವು ದೊರೆತ ವಚನಗಳೆಲ್ಲವನ್ನೂ ಹದಿನೈದು ಸಂಪುಟಗಳಲ್ಲಿ ಅಗ್ಗದ ಬೆಲೆಗೆ ಪ್ರಕಟಿಸಿತು. ಅವುಗಳಲ್ಲಿ ಐದನೆಯದು ಶಿವಶರಣೆಯರ ಸಂಪುಟ. ಸೂಳೆ ಸಂಕವ್ವೆಯ ಆ ಒಂದು ವಚನವೂ ಅದರಲ್ಲಿದೆ.